ಮೂಗಿನ ಮೂಲಕ ಮೆದುಳಿನ ಗೆಡ್ಡೆ ತೆಗೆದರೆ ಅಪಾಯವೇ ಇಲ್ಲವೇ?

"ತಲೆ ಕೊಯ್ಯುವುದಿಲ್ಲ, ಹೊಲಿಗೆ ಇಲ್ಲ, ಅಪಾಯವೂ ಇಲ್ಲ. ಮೂಗಿನಿಂದಲೇ ಮೆದುಳಿನ ಗೆಡ್ಡೆ ಮಾಯ!" ಇಂಥ ಸಂದೇಶ ನಿಮ್ಮ ವಾಟ್ಸ್‌ಆ್ಯಪ್‌ಗೂ ಬಂದಿರಬಹುದು. ಇದರಲ್ಲಿ ನಿಜ ಎಷ್ಟು? ನೋಡೋಣ.

ನಿಜವಾದ ಭಾಗ

ನಮ್ಮ ಮೂಗಿನ ಒಳದಾರಿಯ ಮೇಲೆ, ಹಿಂದೆ ತಲೆಬುರುಡೆಯ ತಳವಿದೆ. ಅದರ ನಡುವಿನ ಸಣ್ಣ ಕುಳಿಯಲ್ಲಿ ಬಟಾಣಿ ಕಾಳಿನಷ್ಟು ದೊಡ್ಡ ಪಿಟ್ಯುಟರಿ ಗ್ರಂಥಿ ಇರುತ್ತದೆ. ಅಲ್ಲಿ ಗೆಡ್ಡೆ ಬೆಳೆದು ಕಣ್ಣಿನ ನರಗಳನ್ನು ಒತ್ತಿದರೆ ದೃಷ್ಟಿ ಕುಗ್ಗುತ್ತದೆ. ಮೂಗಿನ ದಾರಿಯಲ್ಲಿ ಹೋಗಿ ಇಂಥ ಗೆಡ್ಡೆ ತೆಗೆಯುವುದನ್ನು 1907ರಲ್ಲೇ ಆಸ್ಟ್ರಿಯಾದ ಹರ್ಮನ್ ಶ್ಲೋಫರ್ ಮಾಡಿ ತೋರಿಸಿದ್ದರು. ಇಂದು ತೆಳುವಾದ ಎಂಡೋಸ್ಕೋಪ್ ಬಳಸುವುದರಿಂದ ಹೊರಗೆ ಗಾಯದ ಗುರುತೇ ಕಾಣುವುದಿಲ್ಲ.

ಮರೆಮಾಚಿದ ಭಾಗ

ಹೊರಗೆ ಗಾಯ ಕಾಣದಿದ್ದರೂ ಒಳಗೆ ಮೂಳೆಯಲ್ಲಿ ರಂಧ್ರ ಮಾಡಿರುತ್ತಾರೆ. ಗ್ರಂಥಿಯ ಎರಡೂ ಬದಿಯಲ್ಲಿ ಮೆದುಳಿಗೆ ರಕ್ತ ಒಯ್ಯುವ ಕ್ಯಾರೋಟಿಡ್ ರಕ್ತನಾಳಗಳಿವೆ. ಅವುಗಳಿಗೆ ಪೆಟ್ಟಾಗುವುದು ಅಪರೂಪ, ಆದರೆ ಆದರೆ ಪ್ರಾಣಾಪಾಯ. ಅದಕ್ಕಾಗಿಯೇ ಮೊದಲೇ ಸಿಟಿ, ಎಂಆರ್‌ಐ ಸ್ಕ್ಯಾನ್ ಮಾಡಿ ದಾರಿ ಗುರುತಿಸಿಕೊಳ್ಳುತ್ತಾರೆ. ಅನೇಕ ಕಡೆ ಇಎನ್‌ಟಿ ತಜ್ಞರು ಮತ್ತು ನರಶಸ್ತ್ರಚಿಕಿತ್ಸಕರು ಜೊತೆಯಾಗಿ ಆಪರೇಷನ್ ಮಾಡುತ್ತಾರೆ.

ಇನ್ನೊಂದು ತೊಂದರೆ ಸೋರಿಕೆ. ಮೆದುಳಿನ ಸುತ್ತಲಿನ ದ್ರವ ಮೂಗಿಗೆ ಇಳಿಯುವ ದಾರಿಯಲ್ಲೇ ಮೂಗಿನ ಸೂಕ್ಷ್ಮಾಣುಗಳು ಮೇಲೇರಿ ಮೆದುಳುಪೊರೆಯ ಸೋಂಕು ತರಬಹುದು. ಮೂಗಿನ ನಡುಗೋಡೆಯ ಪೊರೆಯನ್ನು ಅದರ ರಕ್ತನಾಳದ ಸಮೇತ ತಿರುಗಿಸಿ ರಂಧ್ರಕ್ಕೆ ತೇಪೆ ಹಾಕುವ ವಿಧಾನವನ್ನು ಅರ್ಜೆಂಟೀನಾದ ವೈದ್ಯರು ರೂಪಿಸಿದರು. 2006ರಲ್ಲಿ ಅದು ಪ್ರಕಟವಾದ ಮೇಲೆ ದೊಡ್ಡ ರಂಧ್ರಗಳ ಸೋರಿಕೆಯೂ ಬಹಳ ಕಡಿಮೆಯಾಯಿತು.

ಮನೆಗೆ ಬಂದ ಮೇಲೆ

ಈ ತೇಪೆ ಗಟ್ಟಿಯಾಗಲು ವಾರಗಳು ಬೇಕು. ಆದ್ದರಿಂದ ವೈದ್ಯರು ಹೇಳುವವರೆಗೆ:

• ಮೂಗು ಸೀಟಬೇಡಿ. ಸೀನು ಬಂದರೆ ಬಾಯಿ ತೆರೆದು ಸೀನಿ.
• ಭಾರ ಎತ್ತಬೇಡಿ, ಶೌಚಕ್ಕೆ ಮುಕ್ಕಬೇಡಿ. ಮಲಬದ್ಧತೆ ಇದ್ದರೆ ವೈದ್ಯರಿಗೆ ತಿಳಿಸಿ.
• ಕೊಟ್ಟ ಸ್ಟೆರಾಯ್ಡ್ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ.
• "ನೀರು ಹೆಚ್ಚು ಕುಡಿದಷ್ಟೂ ಒಳ್ಳೆಯದು" ಎಂಬ ಮಾತು ಇಲ್ಲಿ ನಡೆಯದು. ಪಿಟ್ಯುಟರಿ ಆಪರೇಷನ್ ಆಗಿ ಸುಮಾರು ಒಂದು ವಾರಕ್ಕೆ ಕೆಲವರ ರಕ್ತದಲ್ಲಿ ಸೋಡಿಯಂ ಇಳಿಯುತ್ತದೆ. ವೈದ್ಯರು ಹೇಳಿದಷ್ಟೇ ಕುಡಿಯಿರಿ.

ಬಗ್ಗಿದಾಗ ಮೂಗಿನಿಂದ ನೀರಿನಂಥ ತಿಳಿ ದ್ರವ ತೊಟ್ಟಿಕ್ಕಿದರೆ, ಗಂಟಲಲ್ಲಿ ಉಪ್ಪು ರುಚಿ ಬಂದರೆ ಅದು ನೆಗಡಿ ಎಂದು ಕಷಾಯ ಕುಡಿದು ಕಾಯಬೇಡಿ. ಅದೇ ದಿನ ಆಪರೇಷನ್ ಮಾಡಿದ ಆಸ್ಪತ್ರೆಗೆ ಫೋನ್ ಮಾಡಿ. ಆ ದ್ರವದಲ್ಲಿ ಬೀಟಾ-2 ಟ್ರಾನ್ಸ್‌ಫೆರಿನ್ ಎಂಬ ಪ್ರೋಟೀನ್ ಇದೆಯೇ ಎಂದು ಪರೀಕ್ಷಿಸಿದರೆ ಅದು ಮೆದುಳಿನ ದ್ರವವೋ ಅಲ್ಲವೋ ತಿಳಿಯುತ್ತದೆ. ಜ್ವರ, ಕತ್ತು ಬಿಗಿತ, ತೀವ್ರ ತಲೆನೋವು, ಗೊಂದಲ, ನಿಲ್ಲದ ರಕ್ತಸ್ರಾವ, ದೃಷ್ಟಿ ಮಂಕಾಗುವುದು: ಇವುಗಳಲ್ಲಿ ಒಂದು ಕಂಡರೂ ತುರ್ತು ವಿಭಾಗಕ್ಕೆ ಹೋಗಿ.

ನಮ್ಮ ತೀರ್ಮಾನ

ಸಂದೇಶ ಅರ್ಧ ಸತ್ಯ. ಹೊಲಿಗೆ ಕಾಣುವುದಿಲ್ಲ ನಿಜ, ಅಪಾಯವಿಲ್ಲ ಎಂಬುದು ಸುಳ್ಳು. ಹಾಗೆಂದು ಹೆದರಿ ಚಿಕಿತ್ಸೆ ಮುಂದೂಡಿದರೆ ಕಣ್ಣನ್ನೇ ಕಳೆದುಕೊಳ್ಳಬೇಕಾಗಬಹುದು. "ಇಂಥ ಆಪರೇಷನ್ ನೀವು ವರ್ಷಕ್ಕೆ ಎಷ್ಟು ಮಾಡುತ್ತೀರಿ? ಸೋರಿಕೆಯಾದರೆ ಏನು ಮಾಡುತ್ತೀರಿ?" ಎಂದು ವೈದ್ಯರನ್ನು ಸಂಕೋಚವಿಲ್ಲದೆ ಕೇಳಿ. ಫಾರ್ವರ್ಡ್ ಮಾಡುವುದಾದರೆ ಮೇಲಿನ ಎಚ್ಚರಿಕೆಯ ಲಕ್ಷಣಗಳನ್ನು ಮಾಡಿ.