ಸಣ್ಣ ಕಾರಿಗೆ ಆಫ್ಟರ್‌ಮಾರ್ಕೆಟ್ ಏರ್ ಇನ್‌ಟೇಕ್: ಕೊಳ್ಳುವ ಮುನ್ನ ತಿಳಿದಿರಬೇಕಾದ ಸಂಗತಿಗಳು

ಕಾರಿನ ಪಿಕಪ್ ಸ್ವಲ್ಪ ಹೆಚ್ಚಲಿ ಎಂದು ಬಯಸುವವರು ಸಾಮಾನ್ಯವಾಗಿ ಮೊದಲು ಕೈ ಹಾಕುವುದು ಏರ್ ಇನ್‌ಟೇಕ್‌ಗೆ. ಎಂಜಿನ್ ಬಿಚ್ಚಬೇಕಿಲ್ಲ, ಕೆಲಸ ಬೇಗ ಮುಗಿಯುತ್ತದೆ, ಬಾನೆಟ್ ಎತ್ತಿದರೆ ಹೊಳೆಯುವ ಪೈಪು ಕಾಣುತ್ತದೆ, ಆಕ್ಸಿಲರೇಟರ್ ಒತ್ತಿದರೆ ಸದ್ದೂ ಬದಲಾಗುತ್ತದೆ. ಮುಂಬೈ, ಪುಣೆ, ಚೆನ್ನೈ, ದೆಹಲಿಯ ಆಕ್ಸೆಸರಿ ಅಂಗಡಿಗಳಲ್ಲಿ ಅಗ್ಗದ ಕೋನ್ ಫಿಲ್ಟರ್‌ನಿಂದ ಹಿಡಿದು ದುಬಾರಿ ಆಮದು ಕಿಟ್‌ವರೆಗೆ ಎಲ್ಲವೂ ಸಿಗುತ್ತವೆ. ಆದರೆ ಆಯ್ಕೆ ತಪ್ಪಿದರೆ ನಷ್ಟ ಫಿಲ್ಟರ್ ಬೆಲೆಗೆ ನಿಲ್ಲುವುದಿಲ್ಲ. ಧೂಳು ಅಥವಾ ನೀರು ಒಳಹೊಕ್ಕರೆ ಎಂಜಿನ್ನನ್ನೇ ಬಿಚ್ಚಬೇಕಾದೀತು.

ಭಾರತದಲ್ಲಿ ಸಣ್ಣ ಕಾರು ಎಂದರೆ ಹೆಚ್ಚಾಗಿ 4 ಮೀಟರ್ ಒಳಗಿನ ಉದ್ದದ, 1,200 ಸಿಸಿ ಒಳಗಿನ ಪೆಟ್ರೋಲ್ ಎಂಜಿನ್‌ನ ಕಾರು. ತೆರಿಗೆ ನಿಯಮವೇ ಈ ಗೆರೆ ಹಾಕಿದೆ. ಸ್ವಿಫ್ಟ್, ಬಲೇನೊ, ಐ20, ಟಿಯಾಗೊ ಮುಂತಾದವು ಈ ಗುಂಪಿನವು. ಇಂಥ ಕಾರಿಗೆ ಇನ್‌ಟೇಕ್ ಆರಿಸುವಾಗ ಕೇಳಬೇಕಾದ ಮೊದಲ ಪ್ರಶ್ನೆ 'ಎಷ್ಟು ಗಾಳಿ ಒಳಹೋಗುತ್ತದೆ' ಎಂಬುದಲ್ಲ, 'ಗಾಳಿ ಎಲ್ಲಿಂದ ಬರುತ್ತದೆ' ಎಂಬುದು. ತಂಪಾದ, ಶುದ್ಧವಾದ, ಒಣಗಿದ ಗಾಳಿ ಬರುತ್ತಿದ್ದರೆ ಮಾತ್ರ ಉಳಿದ ಲೆಕ್ಕಕ್ಕೆ ಅರ್ಥವಿದೆ.

ಎಂಜಿನ್‌ಗೆ ಬೇಕಾದ ಗಾಳಿ ಎಷ್ಟು?

1 ಗ್ರಾಂ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ನಾಲ್ಕು ಸ್ಟ್ರೋಕ್‌ನ 1.2 ಲೀಟರ್ ಎಂಜಿನ್ ಎರಡು ಸುತ್ತಿಗೊಮ್ಮೆ ತನ್ನ ಗಾತ್ರದಷ್ಟು ಗಾಳಿ ಎಳೆದುಕೊಳ್ಳುತ್ತದೆ. 6,000 ಆರ್‌ಪಿಎಂನಲ್ಲಿ ಇದು ಲೆಕ್ಕಕ್ಕೆ ನಿಮಿಷಕ್ಕೆ 3,600 ಲೀಟರ್ ಆಗುತ್ತದೆ. ಸಿಲಿಂಡರ್‌ಗಳು ಪೂರ್ತಿ ತುಂಬುವುದಿಲ್ಲವಾದ್ದರಿಂದ ನಿಜವಾಗಿ ಹೋಗುವುದು ಇದಕ್ಕಿಂತ ಕಡಿಮೆ.

ಈ ಗಾಳಿ ಹೊರಗಿನಿಂದ ಮೂತಿಯಂಥ ಸ್ನಾರ್ಕೆಲ್ ಪೈಪಿನ ಮೂಲಕ ಫಿಲ್ಟರ್ ಬಾಕ್ಸ್‌ಗೆ ಬಂದು, ಪೇಪರ್ ಫಿಲ್ಟರ್ ದಾಟಿ, ಥ್ರಾಟಲ್ ಬಾಡಿಗೆ ಹೋಗುತ್ತದೆ. ದಾರಿಯಲ್ಲಿರುವ ಪ್ಲಾಸ್ಟಿಕ್ ಡಬ್ಬಿಯಂಥ ಭಾಗವೇ ರೆಸೊನೇಟರ್. ಅದರ ಮುಖ್ಯ ಕೆಲಸ ಸದ್ದು ತಗ್ಗಿಸುವುದು. ಕಂಪನಿ ಇಷ್ಟೆಲ್ಲವನ್ನೂ ಶಕ್ತಿಗೆ ಮಾತ್ರವಲ್ಲ, ಸದ್ದು, ಧೂಳು, ಮಳೆ ಮತ್ತು ಖರ್ಚು ಎಲ್ಲವನ್ನೂ ತೂಗಿ ರೂಪಿಸಿರುತ್ತದೆ.

ಮಾರುಕಟ್ಟೆಯಲ್ಲಿರುವ ಮೂರು ಬಗೆಗಳು

1. ಡ್ರಾಪ್-ಇನ್ ಫಿಲ್ಟರ್: ಕಂಪನಿಯ ಫಿಲ್ಟರ್ ಬಾಕ್ಸ್ ಹಾಗೆಯೇ ಇರುತ್ತದೆ. ಒಳಗಿನ ಪೇಪರ್ ಫಿಲ್ಟರ್ ತೆಗೆದು ಅದೇ ಅಳತೆಯ, ಎಣ್ಣೆ ಸವರಿದ ಹತ್ತಿ ಬಟ್ಟೆಯ ಅಥವಾ ಸಿಂಥೆಟಿಕ್ ಫಿಲ್ಟರ್ ಹಾಕಲಾಗುತ್ತದೆ. ತೊಳೆದು ಮತ್ತೆ ಬಳಸಬಹುದು. ಗಾಳಿ ಬರುವ ಜಾಗ ಬದಲಾಗುವುದಿಲ್ಲ.

2. ಶಾರ್ಟ್ ರ‍್ಯಾಮ್ ಇನ್‌ಟೇಕ್: ಫಿಲ್ಟರ್ ಬಾಕ್ಸ್ ತೆಗೆದು, ಗಿಡ್ಡ ಪೈಪಿನ ತುದಿಗೆ ಕೋನ್ ಫಿಲ್ಟರ್ ಸಿಕ್ಕಿಸಲಾಗುತ್ತದೆ. ಫಿಲ್ಟರ್ ಎಂಜಿನ್ ಪಕ್ಕದಲ್ಲೇ, ಬಾನೆಟ್ ಒಳಗೆ ಕೂರುತ್ತದೆ. ಅಗ್ಗ, ಸುಲಭ, ಸದ್ದು ಜೋರು.

3. ಕೋಲ್ಡ್ ಏರ್ ಇನ್‌ಟೇಕ್: ಉದ್ದನೆಯ ಪೈಪಿನ ಮೂಲಕ ಕೋನ್ ಫಿಲ್ಟರನ್ನು ಎಂಜಿನ್ ಬಿಸಿಯಿಂದ ದೂರ, ಬಂಪರ್ ಹಿಂದೆ ಅಥವಾ ಫೆಂಡರ್ ಒಳಗೆ ಇಡಲಾಗುತ್ತದೆ. ಗಾಳಿ ತಂಪಾಗಿರುತ್ತದೆ, ಆದರೆ ಫಿಲ್ಟರ್ ನೆಲಕ್ಕೆ ಹತ್ತಿರವಾಗುತ್ತದೆ.

ಶಕ್ತಿ ನಿಜವಾಗಿ ಎಷ್ಟು ಹೆಚ್ಚುತ್ತದೆ?

ಟರ್ಬೊ ಇಲ್ಲದ ಎಂಜಿನ್‌ಗೆ ಗಾಳಿಯನ್ನು ಒಳತಳ್ಳುವುದು ವಾತಾವರಣದ ಒತ್ತಡ. ಸಮುದ್ರ ಮಟ್ಟದಲ್ಲಿ ಅದು ಸುಮಾರು 101 ಕಿಲೋಪಾಸ್ಕಲ್. ಹೊಸ ಫಿಲ್ಟರ್‌ನಿಂದ ದಾರಿಯ ಒತ್ತಡ ನಷ್ಟ ಪೂರ್ತಿ 1 ಕಿಲೋಪಾಸ್ಕಲ್ ತಗ್ಗಿತು ಎಂದುಕೊಂಡರೂ ಲಾಭ ಸುಮಾರು ಶೇ. 1 ಮಾತ್ರ. 85 ಬಿಎಚ್‌ಪಿಯ ಕಾರಿನಲ್ಲಿ ಅದು 1 ಬಿಎಚ್‌ಪಿಗಿಂತ ಕಡಿಮೆ. ಅದೂ ಆಕ್ಸಿಲರೇಟರ್ ಪೂರ್ತಿ ಒತ್ತಿ, ಆರ್‌ಪಿಎಂ ಮೇಲೇರಿದಾಗ ಮಾತ್ರ.

ಹೋಲಿಕೆಗೆ ಒಂದು ಲೆಕ್ಕ: ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಅಲ್ಲಿ ಗಾಳಿಯ ಒತ್ತಡ ಮುಂಬೈ ಅಥವಾ ಚೆನ್ನೈಗಿಂತ ಸುಮಾರು ಶೇ. 10ರಷ್ಟು ಕಡಿಮೆ. ಎಂದರೆ ಕಾರು ಓಡುವ ಊರು ಬದಲಾದರೆ ಆಗುವ ವ್ಯತ್ಯಾಸದ ಮುಂದೆ ಫಿಲ್ಟರ್ ಕೊಡುವ ಲಾಭ ಬಹಳ ಚಿಕ್ಕದು.

ಮೈಲೇಜ್ ಹೆಚ್ಚುತ್ತದೆ ಎಂಬ ಮಾತಿಗೂ ಆಧಾರ ಕಡಿಮೆ. ದಿನನಿತ್ಯದ ಓಡಾಟದಲ್ಲಿ ಥ್ರಾಟಲ್ ಅರ್ಧವೂ ತೆರೆದಿರುವುದಿಲ್ಲ. ಗಾಳಿಗೆ ದೊಡ್ಡ ತಡೆ ಥ್ರಾಟಲ್ಲೇ ಹೊರತು ಫಿಲ್ಟರ್ ಅಲ್ಲ. ಅಮೆರಿಕದ ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆಧುನಿಕ ಫ್ಯೂಯಲ್ ಇಂಜೆಕ್ಷನ್ ಕಾರುಗಳ ಏರ್ ಫಿಲ್ಟರ್ ಕಟ್ಟಿಕೊಂಡಿದ್ದರೂ ಮೈಲೇಜ್‌ನಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ವೇಗ ಪಡೆಯುವ ಚುರುಕು ಮಾತ್ರ ಕುಗ್ಗಿತ್ತು. ಕಟ್ಟಿಕೊಂಡ ಫಿಲ್ಟರೇ ಮೈಲೇಜ್ ಕೆಡಿಸದಿದ್ದಾಗ, ದುಬಾರಿ ಫಿಲ್ಟರ್ ಅದನ್ನು ಹೆಚ್ಚಿಸೀತು ಎಂದು ನಂಬಲು ಕಾರಣವಿಲ್ಲ.

ಹಾಗಾದರೆ ಕಾರು ಚುರುಕಾಯಿತು ಎಂದು ಅನೇಕರಿಗೆ ಅನ್ನಿಸುವುದೇಕೆ? ಬಹುಪಾಲು ಕಾರಣ ಸದ್ದು. ರೆಸೊನೇಟರ್ ಹೋದ ಮೇಲೆ ಗಾಳಿ ಎಳೆಯುವ ಶಬ್ದ ಕಿವಿಗೆ ಬಡಿಯುತ್ತದೆ, ವೇಗ ಹೆಚ್ಚಾದಂತೆ ಭಾಸವಾಗುತ್ತದೆ. ಹಳೆಯ ಕೊಳಕು ಫಿಲ್ಟರ್ ತೆಗೆದು ಹೊಸದು ಹಾಕಿದ ವ್ಯತ್ಯಾಸವೂ ಅದರಲ್ಲಿ ಸೇರಿರುತ್ತದೆ. ಕಂಪನಿಯ ಹೊಸ ಪೇಪರ್ ಫಿಲ್ಟರ್ ಹಾಕಿದ್ದರೂ ಆ ವ್ಯತ್ಯಾಸ ಸಿಗುತ್ತಿತ್ತು.

ಬಾನೆಟ್ ಒಳಗಿನ ಬಿಸಿ

ಗಾಳಿ ಬಿಸಿಯಾದಷ್ಟೂ ತೆಳುವಾಗುತ್ತದೆ. ಉಷ್ಣಾಂಶ 10 ಡಿಗ್ರಿ ಸೆಲ್ಸಿಯಸ್ ಏರಿದರೆ ಸಾಂದ್ರತೆ ಸುಮಾರು ಶೇ. 3ರಷ್ಟು ಇಳಿಯುತ್ತದೆ. ಹೊರಗೆ 32 ಡಿಗ್ರಿ ಇದ್ದು, ಟ್ರಾಫಿಕ್‌ನಲ್ಲಿ ನಿಂತಾಗ ಬಾನೆಟ್ ಒಳಗೆ 60 ಡಿಗ್ರಿ ಆಯಿತೆಂದರೆ ಸಾಂದ್ರತೆಯ ನಷ್ಟ ಸುಮಾರು ಶೇ. 8. ಒಳಬರುವ ಗಾಳಿ ಬಿಸಿಯಾದರೆ ನಾಕಿಂಗ್ ಆಗದಂತೆ ಇಸಿಯು ಇಗ್ನಿಷನ್ ಸಮಯವನ್ನೂ ಹಿಂದಕ್ಕೆ ತಳ್ಳುತ್ತದೆ. ಆಗ ಶಕ್ತಿ ಇನ್ನಷ್ಟು ಕುಗ್ಗುತ್ತದೆ.

ಬಿಸಿಯಿಂದ ಬೇರ್ಪಡಿಸುವ ತಡೆಗೋಡೆ ಇಲ್ಲದ ಶಾರ್ಟ್ ರ‍್ಯಾಮ್ ಕಿಟ್‌ನ ಮುಖ್ಯ ದೋಷ ಇದೇ. ಕಂಪನಿಯ ಸ್ನಾರ್ಕೆಲ್ ಸಾಮಾನ್ಯವಾಗಿ ರೇಡಿಯೇಟರ್ ಮೇಲಿನಿಂದ ಅಥವಾ ಹೆಡ್‌ಲೈಟ್ ಹಿಂದಿನಿಂದ ಹೊರಗಿನ ಗಾಳಿ ಎಳೆಯುತ್ತದೆ. ಅದನ್ನು ಕಿತ್ತು ಎಂಜಿನ್ ಪಕ್ಕದ ಬಿಸಿ ಗಾಳಿ ಕೊಡುವುದು ನಗರದ ನಿಧಾನ ಓಡಾಟದಲ್ಲಿ ಕಾರನ್ನು ಹಿಂದಕ್ಕೆ ಎಳೆದಂತೆ.

ಧೂಳು: ನಿಧಾನವಾಗಿ ಆಗುವ ಹಾನಿ

ರಸ್ತೆ ಧೂಳಿನಲ್ಲಿ ಮರಳಿನ ಸೂಕ್ಷ್ಮ ಕಣಗಳಿರುತ್ತವೆ. ಫಿಲ್ಟರ್ ದಾಟಿದ ಕಣಗಳು ಸಿಲಿಂಡರ್ ಗೋಡೆ ಮತ್ತು ಪಿಸ್ಟನ್ ರಿಂಗ್‌ಗಳನ್ನು ಸವೆಸುತ್ತವೆ. ಇದು ಒಂದೆರಡು ತಿಂಗಳಲ್ಲಿ ಗೊತ್ತಾಗುವುದಿಲ್ಲ. ಮುಂದೆ ಎಂಜಿನ್ ಆಯಿಲ್ ಕುಡಿಯಲು ತೊಡಗಿದಾಗಷ್ಟೇ ಲೆಕ್ಕ ಸಿಗುತ್ತದೆ.

ಪೇಪರ್ ಫಿಲ್ಟರ್ ಗಾಳಿಗೆ ಹೆಚ್ಚು ತಡೆಯೊಡ್ಡಬಹುದು, ಆದರೆ ಸೂಕ್ಷ್ಮ ಧೂಳು ಹಿಡಿಯುವುದರಲ್ಲಿ ಅದು ಗಟ್ಟಿ. ಬೆಲೆಯೂ ಕಡಿಮೆ, ಕೊಳಕಾದರೆ ಎಸೆದು ಹೊಸದು ಹಾಕಬಹುದು. ಏರ್ ಫಿಲ್ಟರ್ ಪರೀಕ್ಷೆಗೆ ಐಎಸ್‌ಒ 5011 ಎಂಬ ಅಂತಾರಾಷ್ಟ್ರೀಯ ಮಾನದಂಡವಿದೆ. ಕೊಳ್ಳುವಾಗ ಪೆಟ್ಟಿಗೆಯ ಮೇಲೆ ಎಷ್ಟು ಬಿಎಚ್‌ಪಿ ಹೆಚ್ಚುತ್ತದೆ ಎಂದು ಬರೆದಿದೆ ಎಂಬುದಕ್ಕಿಂತ, ಈ ಪರೀಕ್ಷೆಯ ಫಲಿತಾಂಶವನ್ನು ತಯಾರಕರು ಕೊಟ್ಟಿದ್ದಾರೆಯೇ ಎಂದು ನೋಡುವುದು ಮುಖ್ಯ. ಹೆಸರಿಲ್ಲದ ಅಗ್ಗದ ಕೋನ್ ಫಿಲ್ಟರ್‌ಗಳಲ್ಲಿ ಈ ಮಾಹಿತಿ ಇರುವುದು ಅಪರೂಪ.

ಹತ್ತಿಯ ಫಿಲ್ಟರ್ ಧೂಳು ಹಿಡಿಯಬೇಕಾದರೆ ಅದರ ಮೇಲಿನ ಎಣ್ಣೆ ಸರಿಯಾಗಿರಬೇಕು. ಎಣ್ಣೆ ಕಡಿಮೆಯಾದರೆ ಧೂಳು ದಾಟುತ್ತದೆ, ಹೆಚ್ಚಾದರೆ ಗಾಳಿಯೊಂದಿಗೆ ಹಾರಿ ಸೆನ್ಸರ್ ಮೇಲೆ ಕೂರುತ್ತದೆ. ತೊಳೆಯಲು ಅದಕ್ಕೆಂದೇ ಇರುವ ಕ್ಲೀನರ್ ಬಳಸಿ, ನೆರಳಿನಲ್ಲಿ ಒಣಗಿಸಿ, ನಂತರ ಎಣ್ಣೆ ಸವರಬೇಕು. ಗ್ಯಾರೇಜ್‌ಗಳಲ್ಲಿ ರೂಢಿಯಲ್ಲಿರುವಂತೆ ಏರ್ ಗನ್ ಹಿಡಿದು ಊದಿದರೆ ಬಟ್ಟೆ ಹರಿಯಬಹುದು. ಇಷ್ಟು ಮಾಡಲು ತಾಳ್ಮೆ ಇಲ್ಲದವರಿಗೆ ಪೇಪರ್ ಫಿಲ್ಟರೇ ಲೇಸು.

ಮಳೆ: ಒಂದೇ ಗಳಿಗೆಯಲ್ಲಿ ಆಗುವ ಹಾನಿ

2005ರ ಜುಲೈ 26ರಂದು ಮುಂಬೈನ ಸಾಂತಾಕ್ರೂಜ್‌ನಲ್ಲಿ 24 ಗಂಟೆಯಲ್ಲಿ 944 ಮಿ.ಮೀ. ಮಳೆಯಾಯಿತು. 2015ರ ಡಿಸೆಂಬರ್‌ನಲ್ಲಿ ಚೆನ್ನೈ ಮುಳುಗಿತು. ಅಂಥ ದಿನಗಳಲ್ಲದೆ, ಪ್ರತಿ ಮಳೆಗಾಲದಲ್ಲೂ ಅಂಡರ್‌ಪಾಸ್‌ಗಳಲ್ಲಿ ಮೊಣಕಾಲುದ್ದ ನೀರು ನಿಲ್ಲುವ ಊರುಗಳು ಹಲವು.

ಗಾಳಿಯನ್ನು ಒತ್ತಿ ಕುಗ್ಗಿಸಬಹುದು, ನೀರನ್ನು ಆಗದು. ಓಡುತ್ತಿರುವ ಎಂಜಿನ್ನಿನ ಸಿಲಿಂಡರ್‌ಗೆ ನೀರು ಹೊಕ್ಕರೆ ಪಿಸ್ಟನ್ ಮೇಲೇರಲಾಗದೆ ಕನೆಕ್ಟಿಂಗ್ ರಾಡ್ ಬಾಗುತ್ತದೆ ಅಥವಾ ಮುರಿಯುತ್ತದೆ. ಇದಕ್ಕೆ ಹೈಡ್ರೋಲಾಕ್ ಎನ್ನುತ್ತಾರೆ. ಕಂಪನಿ ಸ್ನಾರ್ಕೆಲ್ ಬಾಯಿಯನ್ನು ಎತ್ತರದಲ್ಲಿ ಇಟ್ಟಿರುವುದಕ್ಕೆ ಇದೂ ಒಂದು ಕಾರಣ. ಬಂಪರ್ ಹಿಂದೆ ಫಿಲ್ಟರ್ ಇಳಿಸುವ ಕೋಲ್ಡ್ ಏರ್ ಇನ್‌ಟೇಕ್ ಈ ರಕ್ಷಣೆಯನ್ನು ತೆಗೆದುಹಾಕುತ್ತದೆ. ನೀರು ನಿಲ್ಲುವ ರಸ್ತೆಗಳಿರುವ ಊರಿನಲ್ಲಿ ದಿನಬಳಕೆಯ ಕಾರಿಗೆ ಇದು ತಕ್ಕದ್ದಲ್ಲ.

ವಿಮೆಯ ವಿಷಯವೂ ಇದೆ. ಸಾಮಾನ್ಯ ಕಾಂಪ್ರಹೆನ್ಸಿವ್ ಪಾಲಿಸಿಯಲ್ಲಿ ಹೈಡ್ರೋಲಾಕ್‌ನಿಂದಾದ ಎಂಜಿನ್ ಹಾನಿ ಸಾಮಾನ್ಯವಾಗಿ ಸೇರುವುದಿಲ್ಲ, 'ಎಂಜಿನ್ ಪ್ರೊಟೆಕ್ಟ್' ಎಂಬ ಹೆಚ್ಚುವರಿ ರಕ್ಷಣೆ ಬೇಕು. ಅದಿದ್ದರೂ, ವಿಮಾ ಕಂಪನಿಗೆ ತಿಳಿಸದೆ ಇನ್‌ಟೇಕ್ ಬದಲಿಸಿದ್ದರೆ ಕ್ಲೇಮ್‌ಗೆ ತೊಡಕಾಗಬಹುದು.

ಸೆನ್ಸರ್, ಟರ್ಬೊ, ಸಿಎನ್‌ಜಿ

ಗಾಳಿಯನ್ನು ಅಳೆಯಲು ಕೆಲವು ಕಾರುಗಳಲ್ಲಿ ಫಿಲ್ಟರ್ ನಂತರದ ಪೈಪಿನಲ್ಲಿ ಮ್ಯಾಫ್ ಸೆನ್ಸರ್ ಇರುತ್ತದೆ, ಕೆಲವುಗಳಲ್ಲಿ ಮ್ಯಾನಿಫೋಲ್ಡ್ ಮೇಲೆ ಮ್ಯಾಪ್ ಸೆನ್ಸರ್ ಇರುತ್ತದೆ. ಮ್ಯಾಫ್ ಸೆನ್ಸರ್ ಅದು ಕೂರುವ ಪೈಪಿನ ವ್ಯಾಸಕ್ಕೆ ಹೊಂದಿಸಿದ್ದು. ಪೈಪ್ ದಪ್ಪವಾದರೆ ಇಸಿಯುಗೆ ತಪ್ಪು ಲೆಕ್ಕ ಹೋಗಿ, ಐಡಲ್ ಏರಿಳಿಯುವುದು, ಚೆಕ್ ಎಂಜಿನ್ ಲೈಟ್ ಹತ್ತುವುದು ಶುರುವಾಗುತ್ತದೆ. ಹಾಗಾಗಿ ಎಲ್ಲ ಕಾರಿಗೂ ಹೊಂದುತ್ತದೆ ಎನ್ನುವ ಯೂನಿವರ್ಸಲ್ ಕಿಟ್‌ಗಳಿಂದ ದೂರವಿರುವುದು ಒಳ್ಳೆಯದು.

ಟರ್ಬೊ ಕಾರುಗಳ ಲೆಕ್ಕ ಸ್ವಲ್ಪ ಬೇರೆ. 1.0 ಲೀಟರ್ ಟರ್ಬೊ ಎಂಜಿನ್‌ನ ಇಸಿಯು ರೀಮ್ಯಾಪ್ ಮಾಡಿಸಿ ಬೂಸ್ಟ್ ಹೆಚ್ಚಿಸಿದಾಗ ಹೆಚ್ಚು ಗಾಳಿ ಬೇಕಾಗುತ್ತದೆ. ಆಗ ಒಳ್ಳೆಯ ಇನ್‌ಟೇಕ್‌ನಿಂದ ಉಪಯೋಗವಾಗಬಹುದು. ಆದರೆ ರೀಮ್ಯಾಪ್‌ನಿಂದ ವಾರಂಟಿ ಕೈಬಿಡುವ ಅಪಾಯವಿದೆ. ಜೊತೆಗೆ ಧೂಳು ದಾಟಿದರೆ ಮೊದಲ ಪೆಟ್ಟು ವೇಗವಾಗಿ ತಿರುಗುವ ಟರ್ಬೊ ರೆಕ್ಕೆಗಳಿಗೆ.

ದೆಹಲಿ, ಮುಂಬೈ, ಪುಣೆಯಲ್ಲಿ ಸಿಎನ್‌ಜಿ ಕಾರುಗಳು ಬಹಳ. ಸಿಎನ್‌ಜಿಯಲ್ಲಿ ಪಿಕಪ್ ಕಡಿಮೆಯಾಗಲು ಮುಖ್ಯ ಕಾರಣ ಗ್ಯಾಸೇ ಸಿಲಿಂಡರ್‌ನ ಜಾಗದಲ್ಲಿ ಸುಮಾರು ಶೇ. 9ರಿಂದ 10ರಷ್ಟನ್ನು ಆಕ್ರಮಿಸುವುದು. ಇನ್‌ಟೇಕ್ ಬದಲಿಸಿದರೆ ಅದು ಸರಿಹೋಗದು.

ಕಾನೂನು ಏನು ಹೇಳುತ್ತದೆ?

ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ವಾಹನ ಮಾರ್ಪಾಡಿಗೆ ಸಂಬಂಧಿಸಿದ್ದು. ಆರ್‌ಸಿಯಲ್ಲಿ ನಮೂದಾದ ತಯಾರಕರ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನ ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಹೇಳಿದೆ. ಅದೇ ವರ್ಷದ ತಿದ್ದುಪಡಿಯ ಪ್ರಕಾರ ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ ಮಾಲೀಕರಿಗೆ 5,000 ರೂ. ದಂಡ, ಆರು ತಿಂಗಳವರೆಗೆ ಜೈಲು ಅಥವಾ ಎರಡೂ ಆಗಬಹುದು. ಡ್ರಾಪ್-ಇನ್ ಫಿಲ್ಟರ್, ಸರ್ವಿಸ್‌ನಲ್ಲಿ ಬದಲಿಸುವ ಭಾಗದ ಜಾಗದಲ್ಲೇ ಕೂರುವುದರಿಂದ ಈ ಗೊಂದಲ ಕಡಿಮೆ. ಆದರೂ ವಾರಂಟಿ ಪುಸ್ತಕದಲ್ಲಿನ ಷರತ್ತು ಓದಿಕೊಳ್ಳಬೇಕು.

ಯಾರಿಗೆ ಯಾವುದು?

* ದಿನವೂ ಆಫೀಸಿಗೆ ಓಡಾಡುವ, ವಾರಂಟಿಯಲ್ಲಿರುವ ಕಾರು: ಕಂಪನಿಯ ಪೇಪರ್ ಫಿಲ್ಟರ್. ಧೂಳಿನ ರಸ್ತೆಯಾದರೆ ಮ್ಯಾನುಯಲ್ ಹೇಳುವ ಅವಧಿಗಿಂತ ಮೊದಲೇ ಬದಲಿಸಿ.

* ಹೆದ್ದಾರಿಯಲ್ಲಿ ಹೆಚ್ಚು ಓಡುವ, ತೊಳೆದು ಬಳಸುವ ತಾಳ್ಮೆಯಿರುವವರು: ಹೆಸರಾಂತ ತಯಾರಕರ, ಆ ಮಾದರಿಗೆಂದೇ ಮಾಡಿದ ಡ್ರಾಪ್-ಇನ್ ಫಿಲ್ಟರ್.

* ರೀಮ್ಯಾಪ್ ಆದ ಟರ್ಬೊ ಕಾರು: ಬಿಸಿ ತಾಗದಂತೆ ಮುಚ್ಚಿದ ಬಾಕ್ಸ್ ಇರುವ, ಹೊರಗಿನ ಗಾಳಿಯನ್ನೇ ಎಳೆಯುವ ಕಿಟ್.

* ಸದ್ದಿಗಾಗಿ ಮಾತ್ರ ಬೇಕು ಎನ್ನುವವರು: ಶಾರ್ಟ್ ರ‍್ಯಾಮ್ ಸದ್ದು ಕೊಡುತ್ತದೆ. ಅದಕ್ಕಿಂತ ಹೆಚ್ಚಿನದನ್ನು ಅದರಿಂದ ನಿರೀಕ್ಷಿಸಬಾರದು.

ಹಾಕಿಸಿದ ಮೇಲೆ ನೋಡಬೇಕಾದ್ದು

ಲಾಭವಾಯಿತೋ ಇಲ್ಲವೋ ಎಂದು ಕಿವಿಯಿಂದ ತೀರ್ಮಾನಿಸುವ ಬದಲು ಅಳೆದು ನೋಡುವುದು ಈಗ ಕಷ್ಟವಲ್ಲ. ಒಬಿಡಿ ಪೋರ್ಟ್‌ಗೆ ಸಿಕ್ಕಿಸುವ ಬ್ಲೂಟೂತ್ ಸ್ಕ್ಯಾನರ್ ಮತ್ತು ಮೊಬೈಲ್ ಆ್ಯಪ್ ಇದ್ದರೆ ಒಳಬರುವ ಗಾಳಿಯ ಉಷ್ಣಾಂಶ ಕಾಣುತ್ತದೆ. ಬದಲಿಸುವ ಮೊದಲು ಮತ್ತು ನಂತರ, ಒಂದೇ ದಾರಿಯಲ್ಲಿ, ಒಂದೇ ಹೊತ್ತಿನಲ್ಲಿ ಓಡಿಸಿ ಅಂಕಿ ಬರೆದುಕೊಳ್ಳಿ. ಹೊರಗಿನ ಉಷ್ಣಾಂಶಕ್ಕಿಂತ ಎಷ್ಟು ಹೆಚ್ಚಿದೆ ಎಂಬ ಅಂತರ ಮೊದಲಿಗಿಂತ ದೊಡ್ಡದಾಗಿದ್ದರೆ ಹೊಸ ಇನ್‌ಟೇಕ್ ಬಿಸಿ ಗಾಳಿ ಕುಡಿಯುತ್ತಿದೆ ಎಂದರ್ಥ.

ಒಂದು ಸಾವಿರ ಕಿ.ಮೀ. ಓಡಿದ ನಂತರ ಪೈಪ್ ಬಿಚ್ಚಿ, ಫಿಲ್ಟರ್‌ನ ಎಂಜಿನ್ ಕಡೆಯ ಗೋಡೆಯನ್ನು ಬಿಳಿ ಬಟ್ಟೆಯಿಂದ ಒರೆಸಿ ನೋಡಿ. ಬಟ್ಟೆಗೆ ಧೂಳು ಹತ್ತಿದರೆ ಫಿಲ್ಟರ್ ಸರಿಯಾಗಿ ಕೂತಿಲ್ಲ, ಅಥವಾ ಅದಕ್ಕೆ ಧೂಳು ತಡೆಯುವ ಸಾಮರ್ಥ್ಯವಿಲ್ಲ. ಕ್ಲ್ಯಾಂಪ್ ಸಡಿಲವಿದ್ದರೂ, ಬ್ರೀದರ್ ಪೈಪ್ ಜೋಡಿಸದೆ ಬಿಟ್ಟಿದ್ದರೂ ಫಿಲ್ಟರ್ ಆಗದ ಗಾಳಿ ಒಳಹೋಗಬಹುದು.

ತೆಗೆದ ಕಂಪನಿಯ ಬಾಕ್ಸ್, ಪೈಪ್, ರೆಸೊನೇಟರ್‌ಗಳನ್ನು ಗ್ಯಾರೇಜ್‌ನಲ್ಲೇ ಬಿಟ್ಟು ಬರಬೇಡಿ. ವಾರಂಟಿ ಕ್ಲೇಮ್‌ಗೂ, ಕಾರು ಮಾರುವಾಗಲೂ, ಮಳೆಗಾಲದಲ್ಲಿ ಹಳೆಯ ಜೋಡಣೆಗೆ ಮರಳಲೂ ಅವು ಬೇಕಾಗುತ್ತವೆ.