ಕಮಾನಿನ ಅಂಗಡಿ ಮತ್ತು ಕಾಕಾನ ಜೀಪು

ನಮ್ಮೂರ ಹೆಸರು ಹುಡಗಿ. ಹುಡುಗಿ ಅಲ್ಲ, ಹುಡಗಿ :-) ಬೀದರ ಜಿಲ್ಲೆ, ಹುಮನಾಬಾದ ಹತ್ತಿರ. ಹಾಸ್ಟೆಲಿನಲ್ಲಿ ಈ ಹೆಸರಿನಿಂದ ಪಟ್ಟ ಪಾಡು ಇನ್ನೊಮ್ಮೆ ಬರೀತೀನಿ. ಇವತ್ತಿನದು ಜೀಪಿನ ವಿಷಯ.

ಮೊನ್ನೆ ಊರಿಗೆ ಹೋದಾಗ ಕಾಕಾನ ಮಗ ಮನೆಯ ಹಳೇ ಮಹೀಂದ್ರ ಜೀಪನ್ನು ನಾಲ್ಕು ಇಂಚು ಎತ್ತರಿಸಬೇಕೆಂದು ಹಟ ಹಿಡಿದಿದ್ದ. ಮೊಬೈಲಿನಲ್ಲಿ ವಿಡಿಯೋ ನೋಡಿದ ಪರಿಣಾಮ. "ಅಣ್ಣಾ, ಲಿಫ್ಟ್ ಕಿಟ್ ಹಾಕಸ್ಬೇಕು. ಯಾವ ಅಂಗಡಿ ಚಲೋ ಅದ, ನೋಡೋಣು ಬಾ" ಅಂದ. ಕಾಕಾ ಕಟ್ಟೆಯ ಮೇಲೆ ಎಡಗಾಲು ನೀವಿಕೊಳ್ಳುತ್ತ ಸುಮ್ಮನೆ ಕೂತಿದ್ದರು. ಆ ಕಾಲಿನ ಕತೆಗೆ ಆಮೇಲೆ ಬರ್ತೀನಿ.

ಗಾಡಿ ಎತ್ತರಿಸುವುದು ನಮ್ಮ ಕಡೆ ಹೊಸದೇನಲ್ಲ. ಕರಿಮಣ್ಣಿನ ಹೊಲದಲ್ಲಿ ಒಂದು ಮಳೆ ಬಿದ್ದರೆ ಎತ್ತಿನಗಾಡಿಯ ದೊಡ್ಡ ಗಾಲಿ ಮಾತ್ರ ದಾಟುತ್ತಿತ್ತು. ಆ ಗಾಡಿಗೆ ಸ್ಪ್ರಿಂಗ್ ಇರಲಿಲ್ಲ, ಎತ್ತರವೆಲ್ಲ ಗಾಲಿಯದ್ದೇ. ಪಟ್ಟಿಗಳನ್ನು ಬಿಲ್ಲಿನಂತೆ ಬಾಗಿಸಿ ಜೋಡಿಸಿದ ಸ್ಪ್ರಿಂಗಿಗೆ ಇಂಗ್ಲೆಂಡಿನ ಒಬಡಯಾ ಎಲಿಯಟ್ 1804ರಲ್ಲಿ ಪೇಟೆಂಟ್ ಪಡೆದ. ಕುದುರೆ ಸಾರೋಟಿಗೆ ಬಂದದ್ದು ಮೋಟಾರಿಗೂ ಬಂತು. ನಾವು ಅದಕ್ಕೆ ಕಮಾನು ಅಂದೆವು. ಪಾರ್ಸಿಯಲ್ಲಿ ಕಮಾನ್ ಅಂದರೆ ಬಿಲ್ಲು. ಬಸವಕಲ್ಯಾಣದ ಕೋಟೆಯ ಕಮಾನೂ ಲಾರಿಯ ಕೆಳಗಿನ ಕಮಾನೂ ಒಂದೇ ಶಬ್ದ, ನೋಡಿ!

ನಿಜಾಮ ಸಂಸ್ಥಾನದ ರೈಲ್ವೆ ಇಲಾಖೆ 1932ರ ಜೂನ್‌ನಲ್ಲಿ 27 ಬಸ್ಸು, 166 ನೌಕರರೊಂದಿಗೆ ರಸ್ತೆ ಸಾರಿಗೆ ಶುರು ಮಾಡಿತು. ಆಗ ಬೀದರ ಆ ಸಂಸ್ಥಾನದಲ್ಲೇ ಇತ್ತು, 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಬಂದೆವು. ಮುಂದೆ ಹೈದರಾಬಾದ್-ಸೊಲ್ಲಾಪುರ ರಸ್ತೆ ತುಂಬ ಲಾರಿಗಳು. ಅದು ಮೊದಲು ರಾಷ್ಟ್ರೀಯ ಹೆದ್ದಾರಿ 9, 2010ರ ಮರುನಾಮಕರಣದ ಮೇಲೆ 65. ಲಾರಿ ನಿಲ್ಲುವ ಕಡೆ ಚಹಾದಂಗಡಿ, ಪಂಕ್ಚರ್ ಅಂಗಡಿ, ಕಮಾನಿನ ಅಂಗಡಿ ಇದ್ದೇ ಇರುತ್ತವೆ. ಮುರಿದ ಪ್ಲೇಟ್ ಬಿಚ್ಚಿ, ಬೆಂಕಿಯಲ್ಲಿ ಕಾಯಿಸಿ, ಬಡಿದು ಬಾಗು ಕೊಡುವ ಮಿಸ್ತ್ರಿಗಳು ಅಪ್ಪನಿಂದ ಮಗ ಕಲಿತವರು. ಇವರ ಬಗ್ಗೆ ಯಾವ ಗೆಜೆಟಿಯರೂ ಒಂದು ಪುಟ ಬರೆದದ್ದು ನಾನು ನೋಡಿಲ್ಲ.

ಯುದ್ಧಕ್ಕೆಂದು 1941ರಿಂದ ತಯಾರಾದ ವಿಲ್ಲೀಸ್ ಜೀಪನ್ನು 1940ರ ದಶಕದ ಕೊನೆಗೆ ಮಹೀಂದ್ರದವರು ಬೊಂಬಾಯಿಯಲ್ಲಿ ಜೋಡಿಸತೊಡಗಿದರು. ನಾಲ್ಕೂ ಮೂಲೆಗೆ ಕಮಾನೇ. ಹಾಗಾಗಿ ಹಳ್ಳಿ ಮಿಸ್ತ್ರಿಯೂ ರಿಪೇರಿ ಮಾಡಬಲ್ಲ ಗಾಡಿ ಅದು. ಮಾಡಬಲ್ಲ ಅನ್ನುವುದೇ ಕಾಕಾನಿಗೆ ಮುಳುವಾಯಿತು...

ತೊಂಬತ್ತರ ದಶಕ. ಮಳೆಗಾಲದಲ್ಲಿ ಹೊಲದ ದಾರಿಯಲ್ಲಿ ಜೀಪಿನ ಹೊಟ್ಟೆ ತಾಗುತ್ತಿತ್ತು. ಹೆದ್ದಾರಿಯ ಒಬ್ಬ ಮಿಸ್ತ್ರಿ ಅರ್ಧ ದಿನದಲ್ಲಿ ಎತ್ತರಿಸಿ ಕೊಟ್ಟ. ಕಮಾನಿನ ತುದಿ ಹಿಡಿಯುವ ಶಾಕಲ್ ತೆಗೆದು ಉದ್ದದ್ದು ಹಾಕಿದ, ಅಷ್ಟೇ. ಉದ್ದ ಶಾಕಲ್ ಹಾಕಿದರೆ ಮುಂದಿನ ಆಕ್ಸೆಲ್ ಸ್ವಲ್ಪ ತಿರುಗುತ್ತದೆ, ಸ್ಟೇರಿಂಗ್ ತಾನಾಗಿ ನೆಟ್ಟಗಾಗುವುದು ಕಡಿಮೆಯಾಗುತ್ತದೆ. ಇದನ್ನು ಅವನೂ ಹೇಳಲಿಲ್ಲ, ಕಾಕಾನೂ ಕೇಳಲಿಲ್ಲ. ಒಂದು ರಾತ್ರಿ ಸಂತೆಯಿಂದ ಬರುವಾಗ ತಿರುವಿನಲ್ಲಿ ಜೀಪು ಎಡಕ್ಕೆ ಎಳೆಯಿತು, ಎತ್ತರದ ಗಾಡಿ ಹೊರಳಿತು. ಹಿಂದೆ ಕೂತಿದ್ದ ಆರು ಜನಕ್ಕೆ ತರಚು ಗಾಯ. ಕಾಕಾನ ಕಾಲು ಮಾತ್ರ ಮೊದಲಿನಂತಾಗಲಿಲ್ಲ.

ಇದೆಲ್ಲ ತಮ್ಮನಿಗೆ ಗೊತ್ತು. ಆದರೂ ಇಬ್ಬರೂ ಅಂಗಡಿ ನೋಡಲು ಹೊರಟೆವು. ಮೊದಲನೆಯದು ಥಳಥಳ ಅನ್ನುವ ಅಂಗಡಿ. ಗೋಡೆ ತುಂಬ ದೊಡ್ಡ ಟೈರಿನ ಜೀಪುಗಳ ಫೋಟೊ. ಹುಡುಗ ಗಾಡಿಯ ಕೆಳಗೆ ಬಗ್ಗಿಯೂ ನೋಡದೆ ರೇಟ್ ಹೇಳಿದ. "ಬ್ರೇಕಿನ ಪೈಪ್ ಉದ್ದ ಸಾಕಾಗ್ತದಾ?" ಅಂದೆ. "ಎಲ್ಲಾ ಅಡ್ಜಸ್ಟ್ ಆಗ್ತದ್ರೀ" ಅಂದ. ಹೊರಗೆ ಬಂದೆವು.

ಎರಡನೆಯದು ತಗಡಿನ ಶೆಡ್ಡು. ಮಿಸ್ತ್ರಿ ಚಾಚಾ ಮೊದಲು ಜೀಪನ್ನೇ ಓಡಿಸಿ ನೋಡಿದರು. ಆಮೇಲೆ ಪ್ರಶ್ನೆಗಳ ಸುರಿಮಳೆ. "ಎಷ್ಟ್ ಮಂದಿ ಕೂಡ್ತಾರ? ಚೀಲ ಹೇರ್ತೀರಾ? ಹೊಲಕ್ಕಾ, ಡಾಂಬರ್ ರೋಡಿಗಾ?" ಕೆಳಗೆ ಮಲಗಿ ಯು-ಬೋಲ್ಟ್, ಬುಷ್ ಎಲ್ಲ ಕೈಯಿಂದ ಅಲ್ಲಾಡಿಸಿದರು. ನಾಲ್ಕು ಇಂಚು ಎತ್ತಿದರೆ ಪ್ರೊಪೆಲ್ಲರ್ ಶಾಫ್ಟಿನ ಕೋನ ಕೆಡುತ್ತದೆ, ಕ್ರಾಸ್ ಬೇಗ ಸವೆಯುತ್ತದೆ, ಸ್ಟೇರಿಂಗ್ ರಾಡ್, ಬ್ರೇಕ್ ಪೈಪ್, ಶಾಕ್ ಅಬ್ಸಾರ್ಬರ್ ಎಲ್ಲ ಬದಲಿಸಬೇಕು ಎಂದರು.

ನಾನು ಕಾನೂನನ್ನೂ ನೆನಪಿಸಿದೆ. ಕಂಪನಿ ನಮೂದಿಸಿದ ವಿವರಕ್ಕೆ ವ್ಯತ್ಯಾಸ ಬರುವಂತೆ ಗಾಡಿ ಬದಲಿಸಬಾರದು ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ, ಕೇರಳದ ಪ್ರಕರಣವೊಂದರಲ್ಲಿ, ಹೇಳಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಮಾಲೀಕನಿಗೆ ಒಂದೊಂದು ಬದಲಾವಣೆಗೆ 5000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ತಮ್ಮನ ಮುಖ ಸಣ್ಣದಾಯಿತು.

ಚಾಚಾ ನಕ್ಕರು. "ನಿಮ್ಮ ಗಾಡಿ ಗಿಡ್ಡ ಇಲ್ಲಪ್ಪಾ, ಕಮಾನ್ ಕೂತಾವ. ಇದು ಹಿಂಗ ಇರಲಿಲ್ಲ ಮೊದಲ." ವರ್ಷಗಳ ಭಾರಕ್ಕೆ ಪ್ಲೇಟುಗಳು ಬಾಗು ಕಳೆದುಕೊಂಡಿದ್ದವು. ಎರಡು ಪ್ಲೇಟಿನಲ್ಲಿ ಬಿರುಕು ಬೇರೆ. ಕಂಪನಿ ಅಳತೆಯ ಹೊಸ ಕಮಾನು, ಹೊಸ ಬುಷ್ ಹಾಕಿಸಲು ಒಪ್ಪಿದೆವು. ಎರಡು ದಿನ ಹಿಡಿಯಿತು. ಹಳೇ ಪ್ಲೇಟುಗಳನ್ನು ಚಾಚಾ ನಮ್ಮ ಮುಂದೆಯೇ ತೂಗಿ, ಗುಜರಿ ಬೆಲೆ ಕಳೆದು ಬಿಲ್ ಬರೆದರು.

ಮನೆಗೆ ತಂದಾಗ ಕಾಕಾ ಕೋಲು ಊರಿಕೊಂಡು ಬಂದು ಬಂಪರಿಗೆ ಗೇಣು ಹಾಕಿ ಅಳೆದರು. ಮೂರು ಬೆರಳು ಎದ್ದಿತ್ತು. "ನಾನ್ ತಂದಾಗ ಇಷ್ಟೇ ಇತ್ತು ನೋಡ್" ಅಂದು ಮುಂದಿನ ಸೀಟು ಹತ್ತಿ ಕೂತರು.