ರಾಜನ ಕೊರಳಿಗೆ ಅಂಕಿಗಳ ಹಾರ

ಜನ್ನಾಪುರದ ದಿನಸಿ ಅಂಗಡಿಯೊಂದರ ಕ್ಯಾಲ್ಕುಲೇಟರಿನಲ್ಲಿ ಹನ್ನೆರಡು ಅಂಕಿಗಳಿಗೆ ಸ್ಥಳವಿದೆ. ಬೇಳೆ ಬೆಲ್ಲದ ಲೆಕ್ಕಕ್ಕೆ ಅಷ್ಟು ಬೇಕಿಲ್ಲ. ಮೊನ್ನೆ ಅಂಗಡಿಯವರು ಸಾಮಾನು ಕಟ್ಟುವಷ್ಟರಲ್ಲಿ ನಾನು ಅದರಲ್ಲಿ 27994681ನ್ನು 441ರಿಂದ ಗುಣಿಸಿದೆ. 12345654321 ಎಂದು ಬಂತು. ಯಂತ್ರ ಕೆಟ್ಟಿತೆಂದೇ ಅವರು ತಿಳಿದರು! ಕೆಟ್ಟಿರಲಿಲ್ಲ. ಆ ಲೆಕ್ಕಕ್ಕೆ ಸಾವಿರದ ನೂರು ವರ್ಷಕ್ಕೂ ಮೀರಿದ ವಯಸ್ಸು.

ಅದು ಮಹಾವೀರಾಚಾರ್ಯನ 'ಗಣಿತಸಾರಸಂಗ್ರಹ'ದ್ದು. ಸುಮಾರು ಕ್ರಿ.ಶ. 850ರಲ್ಲಿ ಸಂಸ್ಕೃತದಲ್ಲಿ ರಚಿತವಾದ ಈ ಗ್ರಂಥದ ಮೊದಲಲ್ಲೇ ಅಮೋಘವರ್ಷ ನೃಪತುಂಗನ ಸ್ತುತಿಯಿದೆ. ಹೌದು, 'ಕವಿರಾಜಮಾರ್ಗ'ದ ನೃಪತುಂಗನೇ. ಒಂದರಿಂದ ಮೊದಲಾಗಿ ಮಹಾಕ್ಷೋಭದವರೆಗೆ ಇಪ್ಪತ್ತನಾಲ್ಕು ಸ್ಥಾನಗಳಿಗೆ ಆಚಾರ್ಯ ಹೆಸರು ಕೊಟ್ಟಿದ್ದಾನೆ. ಮಹಾಕ್ಷೋಭವೆಂದರೆ ಒಂದರ ಮುಂದೆ ಇಪ್ಪತ್ತಮೂರು ಸೊನ್ನೆ. ಆದರೆ ಆತನ ಜಾಣತನವಿರುವುದು ಸಂಖ್ಯೆಯ ಗಾತ್ರದಲ್ಲಲ್ಲ.

12345654321ನ್ನು ಆತ ಒಂದರಿಂದ ಆರರವರೆಗೆ ಏರಿ, ಕ್ರಮವಾಗಿ ಇಳಿಯುವ ಸಂಖ್ಯೆಯೆಂದು ವರ್ಣಿಸುತ್ತಾನೆ. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ನಮ್ಮ ಚಿತ್ರಕಾವ್ಯದ ಗತಪ್ರತ್ಯಾಗತದಂತೆ. ಇಂಥ ಕೆಲವು ಗುಣಲಬ್ಧಗಳನ್ನು ಕಂಠಾಭರಣವೆಂದೇ ಕರೆದಿದ್ದಾನೆ. 152207ನ್ನು 73ರಿಂದ ಗುಣಿಸಿದರೆ ಎಂಟು ಒಂದುಗಳ ಸರ: 11111111. ಎಂಟನ್ನು ಬಿಟ್ಟ 12345679ನ್ನು ಒಂಬತ್ತರಿಂದ ಗುಣಿಸಿದರೆ ಒಂಬತ್ತು ಒಂದುಗಳು. 333333666667ನ್ನು 33ರಿಂದ ಗುಣಿಸಿದರೆ 11000011000011. ಈ ಹಾರ ಅಂಗಡಿಯ ಯಂತ್ರದಲ್ಲಿ ಹಿಡಿಸದೆ, ಪೊಟ್ಟಣದ ಕಾಗದದ ಮೇಲೆ ಬರೆದು ಗುಣಿಸಿದೆ.

ಇವು ಎಣಿಸುತ್ತ ಎಣಿಸುತ್ತ ಅಕಸ್ಮಾತ್ತಾಗಿ ಸಿಕ್ಕಿದವೆ? ನನಗೆ ಹಾಗೆ ತೋರುವುದಿಲ್ಲ. 12345654321 ಎಂಬುದು 111111ರ ವರ್ಗ. ಈ 111111ನ್ನು ಒಡೆದರೆ 3, 7, 11, 13, 37 ಎಂಬ ಐದು ಅವಿಭಾಜ್ಯಗಳು ಬರುತ್ತವೆ. ಮೊದಲೆರಡರ ಗುಣಲಬ್ಧ 21, ಅದರ ವರ್ಗ 441. ಉಳಿದ ಮೂರರದು 5291, ಅದರ ವರ್ಗವೇ 27994681. ಹಾರವನ್ನು ಮೊದಲು ಕಂಡು, ಮಣಿಗಳನ್ನು ಬಿಡಿಸಿ, ಎರಡು ಕೈಗಳಲ್ಲಿ ಹಂಚಿಟ್ಟಂತಿದೆ. ಇದು ನನ್ನ ಊಹೆ; ಆದರೆ ಬೇರೆ ದಾರಿಯಿಂದ 27994681ರಂಥ ಒರಟು ಸಂಖ್ಯೆಯನ್ನು ಯಾರು ತಾನೆ ಹುಡುಕಿಯಾರು?

ಈ ಗ್ರಂಥವನ್ನು ಹನ್ನೊಂದನೆಯ ಶತಮಾನದಲ್ಲೇ ಪಾವುಲೂರಿ ಮಲ್ಲನ ತೆಲುಗಿಗೆ ತಂದ. ಕನ್ನಡದಲ್ಲಿ ಹನ್ನೆರಡನೆಯ ಶತಮಾನದ ರಾಜಾದಿತ್ಯನ 'ವ್ಯವಹಾರಗಣಿತ' ಇದೆ, ನಿಜ. ಅದು ಬೇರೆಯದೇ ಕೃತಿ. ಎಂ. ರಂಗಾಚಾರ್ಯರು 1912ರಲ್ಲಿ ಮದರಾಸಿನಿಂದ ಮೂಲವನ್ನು ಇಂಗ್ಲಿಷ್ ಅನುವಾದದೊಡನೆ ಅಚ್ಚು ಮಾಡಿಸಿದರು. ಪದ್ಮಾವತಮ್ಮನವರ ಕನ್ನಡ ಅನುವಾದ ಪ್ರಕಟವಾದದ್ದು 2000ದಲ್ಲಿ, ನಮ್ಮ ಜಿಲ್ಲೆಯದೇ ಆದ ಹೊಂಬುಜದ ಜೈನಮಠದಿಂದ. 'ಕವಿರಾಜಮಾರ್ಗ'ವನ್ನು ವರ್ಷವರ್ಷವೂ ಪಾಠ ಹೇಳುತ್ತ ಬಂದ ನಾನು ಆ ಪುಸ್ತಕವನ್ನು ಮೊದಲು ತೆರೆದು ನೋಡಿದ್ದು ಕಳೆದ ವರ್ಷ.